ಹಾಲಿನ ಚಿಲ್ಲರೆ

ಲಿಯೆಕ್ಸಾ ಊರಿನ ಅಂಗಡಿಯಲ್ಲಿ ಆಗ
ಯಂತ್ರಗಳಿದ್ದದ್ದು ಗಲ್ಲಾ ದಾಟಿದ ಮೇಲೆ,
ಹೂಕುಂಡಗಳಿಗೂ ಖಾಲಿ ಬಾಟಲಿ ಹಾಕುವ ಕಿಂಡಿಗೂ ನಡುವೆ.
ಮೂರು, ಸಾಲಾಗಿ, ಬೆಚ್ಚಗೆ.
ಹೊರಗೆ ಮೈನಸ್ ಇಪ್ಪತ್ತೆರಡು,
ಮಧ್ಯಾಹ್ನ ಮೂರಕ್ಕೇ ಕತ್ತಲೆ.
ಅವುಗಳ ಮುಖದಲ್ಲಿ ಮಾತ್ರ
ಚೆರ್ರಿ ಹಣ್ಣಾಗುವ ಬೇಸಿಗೆ.

ಮುನ್ನೂರು ಮಕ್ಕಳಿಗೆ ಬಟಾಣಿ ಸಾರು
ಕಲಕಿದ ಕೈ ಇದು.
ಉಪ್ಪಿಗೆ ಚಮಚ ಮುಟ್ಟಿದವಳಲ್ಲ.
ತೂಯಿರೆಯ ಕೈ ಅಳತೆ ತಪ್ಪುವುದಿಲ್ಲ
ಎನ್ನುತ್ತಿದ್ದರು ಶಾಲೆಯಲ್ಲಿ.

ದಿನಕ್ಕೊಂದು ಲೀಟರ್ ಹಾಲು ತರುತ್ತಿದ್ದೆ.
ಇಪ್ಪತ್ತರ ನೋಟು ಚಾಚಿ
'ಚಿಲ್ಲರೆ ನಾಣ್ಯದಲ್ಲೇ ಇರಲಿ' ಎಂದರೆ
ಗಲ್ಲಾದ ಹುಡುಗಿ ವಿಲ್ಯಾ
ನನ್ನ ಮುಖ ಬಿಟ್ಟು ಅಂಗೈ ನೋಡುತ್ತಿದ್ದಳು.
ಹಾಲು ತರಲು ಹೊರಟವಳನ್ನು
ಯಾವ ಊರಲ್ಲಿ ಯಾರು ತಡೆಯುತ್ತಾರೆ?
ಕಣ್ಣು ಮುಚ್ಚಿ ಕುಡಿಯುವ ಬೆಕ್ಕಿಗಾದರೂ
ಹಾಲು ಬೇಕಿರುತ್ತದೆ.
ನನಗೆ ಅದೂ ಬೇಕಿರಲಿಲ್ಲ.

ಸೋತ ದಿನಗಳ ಲೆಕ್ಕ ಇಟ್ಟಿಲ್ಲ.
ಗೆದ್ದ ದಿನ ನೆನಪಿದೆ:
ನವೆಂಬರ್, ಮಂಗಳವಾರ, ಎಂಬತ್ತು ಯೂರೋ,
ತಗಡಿನ ತಟ್ಟೆಗೆ ಆಲಿಕಲ್ಲು ಬಿದ್ದ ಹಾಗೆ ಸದ್ದು.
ಬೂಟು ಒರೆಸುತ್ತಿದ್ದ ಮುದುಕನೊಬ್ಬ ತಿರುಗಿ ನಕ್ಕ.
ನಾನು ಹಾಳಾದದ್ದು ಅಂದು.

ಆಮೇಲೆ ಬೆರಳು ನನ್ನದಾಗಿ ಉಳಿಯಲಿಲ್ಲ.
ಇದೊಂದೇ, ಎನ್ನುತ್ತಿತ್ತು.
ಇದೊಂದೇ ಎನ್ನುವುದಕ್ಕೆ
ಎರಡನೆಯದು ಇಲ್ಲದ ದಿನವೇ ಇರಲಿಲ್ಲ.

ಒಂದು ಸಂಜೆ ಮನೆಗೆ ಬಂದರೆ
ಊಟದ ಮೇಜಿನ ಮೇಲೆ ಹನ್ನೊಂದು ಹಾಲಿನ ಡಬ್ಬಿ.
ಉರ್ಪೊ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದ,
ಹಳೆಯದು ಎಡಕ್ಕೆ, ಇಂದಿನ ಜಾಗ ಬಲಕ್ಕೆ, ಖಾಲಿ.
ಅವನಿಗೆ ಹಾಲು ಹೊಟ್ಟೆಗಾಗದು.
ನಾನು ಕಾಫಿ ಕುಡಿಯುವುದು ಕಪ್ಪಗೆ.
'ಯಾರಿಗೆ?' ಎಂದ.
ನಮ್ಮ ಮನೆಯಲ್ಲಿ ಅದು ದೊಡ್ಡ ಭಾಷಣ.

ಕೈಲಿದ್ದ ಹನ್ನೆರಡನೆಯದನ್ನು
ಖಾಲಿ ಜಾಗದಲ್ಲಿಟ್ಟೆ.
ಮಾತಾಡಬೇಕಿತ್ತು. ಬಾಯಿ ತೆರೆದರೆ
ಬಂದದ್ದು ದೋಣಿಯ ಮಾತು:
ಮೋಟಾರಿಗೆಂದು ಕಾಫಿ ಡಬ್ಬಿಯಲ್ಲಿ ಕೂಡಿಟ್ಟದ್ದು,
ಉರ್ಪೊ, ಅದು—
'ಗೊತ್ತು' ಎಂದ. 'ಜೂನಿನಿಂದ.'

ಜೂನಿನಿಂದ!
ಪಿಯೆಲಿನೆನ್ ಸರೋವರದಲ್ಲಿ ಬೇಸಿಗೆಯಿಡೀ
ಹುಟ್ಟು ಹಾಕಿದ್ದ ಮನುಷ್ಯ.
ತೋಳಿಗೆ ಒಳ್ಳೆಯದು ಎನ್ನುತ್ತಿದ್ದ.
ನಾನು ಎದುರು ಕೂತು
ಬೆರಳಿಂದ ನೀರು ಸೀಳುತ್ತ
ನಂಬಿದ್ದೆ.

ಅವತ್ತು ಅಳಲಿಲ್ಲ. ಒಲೆ ಹಚ್ಚಿದೆ.
ಕೆಡದ ಆರು ಡಬ್ಬಿಯ ಹಾಲಿಗೆ ಹಿಟ್ಟು, ಮೊಟ್ಟೆ, ಉಪ್ಪು,
ತಟ್ಟೆ ತಟ್ಟೆ ದಪ್ಪ ದೋಸೆ ಬೇಯಿಸಿದೆ, ನಡುರಾತ್ರಿಯವರೆಗೆ.
ಉಪ್ಪು ಹೆಚ್ಚಾಗಿತ್ತು.

ಅವನ್ನೇ ಹೊತ್ತು ಬುಧವಾರ ಹೋದೆ
ಚರ್ಚಿನ ನೆಲಮಾಳಿಗೆಗೆ. ಆರು ಕುರ್ಚಿ.
ಮರದ ಲಾರಿ ಓಡಿಸುವ ರೈನೊ ಒಂದು ತುಂಡು ತಿಂದು
'ಉಪ್ಪು' ಎಂದ. ಇನ್ನೊಂದು ತೆಗೆದುಕೊಂಡ.
ನಾನು ಹೆಸರು ಹೇಳಿದೆ, ಮೊತ್ತ ಹೇಳಿದೆ.
ಮೊತ್ತ ಹೇಳುವಾಗ ಅರ್ಧ ಮಾಡಿದೆ.
ಮುಂದಿನ ವಾರ ಹೋಗಿ ಪೂರ್ತಿ ಹೇಳಿದೆ.

ಮಾರ್ಚಿನಲ್ಲಿ ಜಾರಿದೆ. ನಲವತ್ತು ಯೂರೋ.
ಮಂಜು ಕರಗುವ ಕಾಲದಲ್ಲೇ
ಜನ ಹೆಚ್ಚು ಬೀಳುವುದು, ಎಂದ ರೈನೊ,
ಕಾಫಿ ಬಗ್ಗಿಸುತ್ತ.

ಈಗ ನಾಲ್ಕು ಕಿಲೋಮೀಟರ್ ನಡೆದು
ಬೇರೆ ಅಂಗಡಿಗೆ ಹೋಗುತ್ತೇನೆ.
ಅಲ್ಲಿ ಯಂತ್ರಗಳಿಲ್ಲ. ಇಲ್ಲ, ಒಂದಿದೆ:
ಸಾಮಾನಿನ ಗಾಡಿ ಬಿಡಿಸಲು
ಹಿಡಿಯ ಸೀಳಿಗೆ ಒಂದು ನಾಣ್ಯ ತಳ್ಳಬೇಕು.
ಬೆರಳು ಇಂದಿಗೂ ಅಲ್ಲಿ ಒಂದು ಗಳಿಗೆ ತಡೆಯುತ್ತದೆ,
ತಣ್ಣನೆಯ ಅಂಚು ಗುರುತು ಹಿಡಿಯುತ್ತದೆ.

ಆಲೂಗಡ್ಡೆ, ಈರುಳ್ಳಿ, ಉರ್ಪೊಗೆ ಹೆರಿಂಗ್ ಮೀನು.
ವಾಪಸ್ಸು ಬಂದು ಸರಪಳಿ ಸಿಕ್ಕಿಸಿದರೆ
ಟಕ್ ಎಂದು ಹೊರಗೆ ಬರುತ್ತದೆ
ಹಾಕಿದ ನಾಣ್ಯ, ಅದೇ.
ಹೆಚ್ಚಿಲ್ಲ.
ಕೈಗವಸಿನೊಳಗೆ ಹಿಡಿದು ನಡೆಯುತ್ತೇನೆ,
ಬೆಚ್ಚಗಾಗುವವರೆಗೆ.